ತಂಬಾಕಿನ ಹೊಗೆಯೂ ಹೋಟೆಲು ಕೆಲಸಗಾರರೂ
(ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ವಾರಕ್ಕೊಂದು ರಜೆ. ಅದರಲ್ಲಿಯೂ ಎರಡು ಗಂಟೆ ಸಂಘಕ್ಕೆಂದು ತೆಗೆದಿಟ್ಟು ಬಂದಿದ್ದೀರಿ. ಭಾಷಣ ಮಾಡುವುದು ನಮ್ಮ ಕಸುಬಲ್ಲ. ನಮ್ಮ ಓದು ಊರಿನ ಶಾಲೆಯ ಏಳನೆಯ ತರಗತಿಗೆ ಮುಗಿಯಿತು. ಮುಂದಿನ ಅಕ್ಷರವನ್ನೆಲ್ಲ ಹೋಟೆಲಿನ ಬಿಲ್ಲು ಪುಸ್ತಕದಿಂದಲೂ ಸಂಘದ ಕಾಗದ ಪತ್ರಗಳಿಂದಲೂ ಕಲಿತೆವು. ಇಂದು ಹೇಳಹೊರಟಿರುವುದೋ ವಿಜ್ಞಾನದ ಸಂಗತಿ. ಈ ವರದಿಗಳನ್ನು ನಮಗೆ ಕನ್ನಡದಲ್ಲಿ ಬಿಡಿಸಿ ಹೇಳಿದವರು ರಾತ್ರಿ ಶಾಲೆಯ ನಮ್ಮ ಮಾಸ್ತರರು. ಅವರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ. ನಾವು ಎಡವಿದರೆ ಅವರು ಕೆಮ್ಮುತ್ತಾರೆ, ನಾವು ತಿದ್ದಿಕೊಳ್ಳುತ್ತೇವೆ ಎಂದು ಒಪ್ಪಂದವಾಗಿದೆ.

ತಂಬಾಕಿನ ವಿಷಯ ಎಂದ ಕೂಡಲೆ ಹಿಂದಿನ ಸಾಲಿನಲ್ಲಿ ಕೆಲವರು ಜೇಬು ಮುಟ್ಟಿ ನೋಡಿಕೊಂಡದ್ದು ನಮಗೆ ಕಾಣಿಸಿತು. ಹೆದರಬೇಡಿ. ಬೀಡಿ ಬಿಡಿ ಎಂದು ಉಪದೇಶ ಮಾಡಲು ನಾವು ಬಂದಿಲ್ಲ. ಹನ್ನೊಂದು ವರುಷ ಸೇದಿದವರು ನಾವು. ಸೇದುವವನ ಎದೆಗೆ ಏನಾಗುತ್ತದೆ ಎಂಬುದು ಕಟ್ಟಿನ ಮೇಲೆಯೇ ಚಿತ್ರ ಸಮೇತ ಅಚ್ಚಾಗಿದೆ. ಅದನ್ನು ಕಂಡೂ ಸೇದುವವನಿಗೆ ನಮ್ಮ ಮಾತು ಯಾವ ಲೆಕ್ಕ? ಇಂದಿನ ಮಾತು ಬೇರೆ. ಸೇದಿದವನು ಎದ್ದು ಹೋದ ಮೇಲೆ, ಬೆಂಕಿ ಆರಿದ ಮೇಲೆ, ಆ ಹೊಗೆ ಎಲ್ಲಿ ಹೋಗುತ್ತದೆ? ಅದನ್ನು ಒರೆಸುವ ಕೈ ಯಾರದು? ಇಷ್ಟೇ ಇಂದಿನ ವಿಷಯ.

ಮೊದಲು ನಮ್ಮದೇ ಒಂದು ಕಥೆ. ಹದಿನಾರನೆಯ ವಯಸ್ಸಿಗೆ ಮುಂಬಯಿಗೆ ಬಂದು ನಾವು ಒಂದು ಲಾಡ್ಜಿನಲ್ಲಿ ರೂಮು ಹುಡುಗನ ಕೆಲಸಕ್ಕೆ ನಿಂತೆವು. ಲಾಡ್ಜಿನ ಹೆಸರು ಬೇಡ; ಅಂಥವು ಈ ಊರಿನಲ್ಲಿ ಬಹಳ ಉಂಟು. ಮೂರನೆಯ ಮಹಡಿಯ ಮೂಲೆಯ ಕೊಠಡಿಯಲ್ಲಿ ಒಬ್ಬ ಗಿರಾಕಿ ಹನ್ನೊಂದು ದಿವಸ ಇದ್ದ. ತಂಪು ಯಂತ್ರ ಓಡುತ್ತಿದ್ದುದರಿಂದ ಕಿಟಕಿ ತೆರೆಯುತ್ತಿರಲಿಲ್ಲ. ಒಂದರ ಬೆನ್ನಿಗೆ ಇನ್ನೊಂದು ಸಿಗರೇಟು. ಅವನು ಬಿಟ್ಟುಹೋದ ದಿನ ಮುಂದಿನ ಗಿರಾಕಿ ಕೆಳಗೆ ಗಲ್ಲೆಯ ಬಳಿ ಕಾಯುತ್ತಿದ್ದ. ಅರ್ಧ ಗಂಟೆಯಲ್ಲಿ ಕೊಠಡಿ ಸಿದ್ಧವಾಗಬೇಕೆಂದು ಹುಕುಂ ಬಂತು. ಚಾದರ ತೆಗೆದೆವು, ದಿಂಬಿನ ಚೀಲ ಕಳಚಿದೆವು, ಪರದೆ ಝಾಡಿಸಿದೆವು. ಕನ್ನಡಿ ಒರೆಸಿದರೆ ಬಿಳಿಯ ಬಟ್ಟೆ ಚಹಾದ ಬಣ್ಣಕ್ಕೆ ತಿರುಗಿತು. ನೀರಿನ ಲೋಟದಲ್ಲಿ ನೆನೆದು ಉಬ್ಬಿದ ತುಂಡುಗಳು. ಅವನ್ನು ಬರಿಗೈಯಿಂದ ಬಸಿದು ಮೋರಿಗೆ ಚೆಲ್ಲಿದೆವು. ಮಧ್ಯಾಹ್ನ ಊಟಕ್ಕೆ ಕುಳಿತಾಗ ತಲೆ ತಿರುಗಿ ವಾಂತಿಯಾಯಿತು. ಮ್ಯಾನೇಜರರು ಬಂದು ನಮ್ಮ ಬೆರಳು ಮೂಸಿ ನೋಡಿ, "ಗಿರಾಕಿಯ ಸಿಗರೇಟು ಕದ್ದು ಸೇದಿದ್ದೀಯ" ಎಂದು ಅರ್ಧ ದಿನದ ಸಂಬಳ ಹಿಡಿದರು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಂಬ ಗಾದೆ ಗೊತ್ತಲ್ಲ, ಹಾಗಾಯಿತು. ಆಗ ನಾವು ಬೀಡಿಯನ್ನು ತುಟಿಗೆ ಮುಟ್ಟಿಸಿದವರಲ್ಲ.

ವಾಂತಿ ಹೊಗೆಯಿಂದಲೋ ಹಸಿದ ಹೊಟ್ಟೆಯಿಂದಲೋ, ಅದನ್ನು ಇಟ್ಟುಕೊಂಡು ನಾವು ವಾದ ಹೂಡುವುದಿಲ್ಲ. ಆದರೆ ಬೆರಳಿನ ವಾಸನೆ ನಮ್ಮದಾಗಿರಲಿಲ್ಲ, ಕೊಠಡಿಯದಾಗಿತ್ತು. ಅದನ್ನು ಅಂದು ಸಿದ್ಧಮಾಡಿ ತೋರಿಸಲು ನಮಗೆ ದಾರಿಯಿರಲಿಲ್ಲ. ಈಗ ದಾರಿಯುಂಟು. ಬೇರೊಂದು ದೇಶದಲ್ಲಿ, ಹೋಟೆಲು ಕೊಠಡಿಗಳಲ್ಲಿಯೇ, ಬೆರಳುಗಳನ್ನೇ ಒರೆಸಿ ನೋಡಿ ಅದನ್ನು ಅಳೆದಿದ್ದಾರೆ.

ಅಮೇರಿಕದ ಕ್ಯಾಲಿಫೋರ್ನಿಯ ರಾಜ್ಯದ ದಕ್ಷಿಣ ತುದಿಯಲ್ಲಿ ಸ್ಯಾನ್ ಡಿಯಾಗೊ ಎಂಬ ಸಮುದ್ರದಂಡೆಯ ಊರು ಇದೆ. ಪ್ರವಾಸಿಗಳ ಊರು, ಹೋಟೆಲುಗಳೂ ಹೇರಳ. ಅಲ್ಲಿನ ಸ್ಯಾನ್ ಡಿಯಾಗೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗಿಯೋರ್ಗ್ ಮ್ಯಾಟ್ ಎಂಬ ಪ್ರೊಫೆಸರರೂ ಅವರ ಸಂಗಡಿಗರೂ ಬಹಳ ವರುಷಗಳಿಂದ ಇದೇ ಕೆಲಸದಲ್ಲಿ ತೊಡಗಿದ್ದಾರೆ. ತಂಬಾಕು ಸೇದುವವನನ್ನು ಬಿಟ್ಟು, ಅವನ ಸುತ್ತಲಿನ ಗೋಡೆ, ಗಾದಿ, ಧೂಳು, ನೆಲ, ನೀರು ಇವುಗಳಿಗೆ ಏನಾಗುತ್ತದೆ ಎಂದು ನೋಡುವ ಕೆಲಸ. ಇಂಥ ಪ್ರಯೋಗಶಾಲೆಗಳಲ್ಲಿ ದೊಡ್ಡ ಪ್ರೊಫೆಸರರ ಕೈಕೆಳಗೆ, ಪಿಎಚ್.ಡಿ. ಮುಗಿಸಿಯೂ ಖಾಯಂ ಹುದ್ದೆ ಸಿಗದ ತರುಣ ತರುಣಿಯರು ಎರಡು ಮೂರು ವರುಷದ ಅವಧಿಗೆ ದುಡಿಯುತ್ತಾರೆ. ಅವರಿಗೆ ಪೋಸ್ಟ್‌ಡಾಕ್ಟರಲ್ ಸಂಶೋಧಕರು ಎಂದು ಹೆಸರು. ಹಣ ಮಂಜೂರಾದರೆ ಕೆಲಸ, ಇಲ್ಲದಿದ್ದರೆ ಬೇರೆ ಊರು. ಮಾಸ್ತರರು ಇದನ್ನು ವಿವರಿಸಿದಾಗ ಪಕ್ಕದಲ್ಲಿದ್ದ ನಮ್ಮ ಹಿರಿಯ ಗಿರಣಿ ಕಾಮಗಾರರೊಬ್ಬರು, "ಹಾಗಾದರೆ ಬದಲಿ ಎನ್ನಿ, ಅಷ್ಟು ದೊಡ್ಡ ಹೆಸರು ಏಕೆ?" ಎಂದರು. ಬದಲಿ ಪಾಸು ಹಿಡಿದು ಗಿರಣಿಯ ಬಾಗಿಲಲ್ಲಿ ಬೆಳಗಿನ ಜಾವ ನಿಂತವರಿಗೆ ಆ ಸಂಕಟ ಎಲ್ಲಿದ್ದರೂ ಗುರುತು ಸಿಗುತ್ತದೆ.

ಈ ಸಂಶೋಧನೆಗೆ ಹಣ ಎಲ್ಲಿಂದ? ಕ್ಯಾಲಿಫೋರ್ನಿಯದ ಮತದಾರರು 1988ರಲ್ಲಿ ಮತ ಹಾಕಿ, ಸಿಗರೇಟಿನ ಪ್ರತಿ ಪ್ಯಾಕೆಟ್ಟಿನ ಮೇಲೆ 25 ಸೆಂಟು ಹೆಚ್ಚಿನ ತೆರಿಗೆ ಹೇರಿಕೊಂಡರು. ಅದರ ಒಂದು ಪಾಲು ತಂಬಾಕಿನ ರೋಗಗಳ ಸಂಶೋಧನೆಗೆ ಎಂದು ಕಾನೂನಿನಲ್ಲಿಯೇ ಬರೆದರು. ಸೇದುವವನ ಜೇಬಿನ ಹಣದಿಂದಲೇ, ಅವನು ಸೇದಿ ಹೋದ ಕೊಠಡಿಯ ಪರೀಕ್ಷೆ. ಈ ಏರ್ಪಾಡು ನಮಗೆ ಮೆಚ್ಚಿಗೆಯಾಯಿತು. ನಮ್ಮಲ್ಲಿಯೂ ತಂಬಾಕಿನ ತೆರಿಗೆ ಕಡಿಮೆಯೇನಿಲ್ಲವಷ್ಟೆ.

ಅವರು ಮಾಡಿದ ಕೆಲಸ ಹೀಗೆ. ಸ್ಯಾನ್ ಡಿಯಾಗೊದಲ್ಲಿ ಸಾಧಾರಣ ದರದ ಹೋಟೆಲುಗಳನ್ನು ಆರಿಸಿಕೊಂಡರು. ಕೆಲವು, ಸೇದುವುದನ್ನು ಪೂರಾ ನಿಷೇಧಿಸಿದ ಹೋಟೆಲುಗಳು. ಕೆಲವು, ಸೇದುವವರಿಗೊಂದಿಷ್ಟು ಕೊಠಡಿ, ಸೇದದವರಿಗೊಂದಿಷ್ಟು ಕೊಠಡಿ ಎಂದು ಪಾಲು ಮಾಡಿದ ಹೋಟೆಲುಗಳು. ಕೊಠಡಿಯ ಗಾಳಿ ಹಿಡಿದರು, ಮೇಜು ಮುಂತಾದವನ್ನು ಒರೆಸಿ ಆ ಬಟ್ಟೆಯನ್ನು ಪರೀಕ್ಷೆಗೆ ಕಳಿಸಿದರು. ತಂಬಾಕು ಸೇದದ ಕೆಲವರನ್ನು ಒಂದು ರಾತ್ರಿ ಅಲ್ಲಿ ಮಲಗಿಸಿ, ಅವರ ಬೆರಳು ಒರೆಸಿದರು, ಮೂತ್ರ ಪರೀಕ್ಷಿಸಿದರು. ಫಲ 2013ರಲ್ಲಿ ಪ್ರಕಟವಾಯಿತು. ಪಾಲು ಮಾಡಿದ ಹೋಟೆಲಿನಲ್ಲಿ, ಸೇದದವರಿಗೆಂದೇ ಬೋರ್ಡು ಹಾಕಿದ ಕೊಠಡಿಯ ಮೇಜು ಗೋಡೆಗಳ ಮೇಲೆ ಕೂಡ, ಪೂರಾ ನಿಷೇಧವಿದ್ದ ಹೋಟೆಲಿಗಿಂತ ಎರಡು ಪಟ್ಟಿಗೂ ಹೆಚ್ಚು ನಿಕೋಟಿನ್ ಇತ್ತು. ಸೇದುವ ಕೊಠಡಿಗಳಲ್ಲಂತೂ ಹತ್ತಾರು ಪಟ್ಟು. ಸೇದುವ ಕೊಠಡಿಯ ಹೊರಗಿನ ಪಡಸಾಲೆಯಲ್ಲಿಯೂ ಹೆಚ್ಚೇ. ಒಂದೇ ಒಂದು ರಾತ್ರಿ ಮಲಗಿ ಎದ್ದವರ ಬೆರಳಿಗೆ ಅದು ಅಂಟಿತ್ತು. ಮೂತ್ರದಲ್ಲಿ ಅದರ ಗುರುತು ಇಳಿದಿತ್ತು.

ಒಂದು ರಾತ್ರಿ ಮಲಗಿದ ಗಿರಾಕಿಗೆ ಇದು. ದಿನಕ್ಕೆ ಹತ್ತು ಹದಿನೈದು ಕೊಠಡಿ ಝಾಡಿಸುವ, ಅದೇ ಚಾದರವನ್ನು ಎದೆಗಪ್ಪಿಕೊಂಡು ಮೆಟ್ಟಿಲು ಇಳಿಯುವ ಹುಡುಗನ ಬೆರಳನ್ನು ಆ ವರದಿಯಲ್ಲಿ ಯಾರೂ ಒರೆಸಿ ನೋಡಲಿಲ್ಲ. ವರದಿ ಗಿರಾಕಿಗಳ ಬಗೆಗೆ ಬರೆದದ್ದು. ಮಾಸ್ತರರು ಓದಿ ಮುಗಿಸಿದಾಗ ನಾವು ಕೇಳಿದ ಮೊದಲ ಪ್ರಶ್ನೆ ಅದೇ.

ಇದೇ ಮಂದಿ ಅದಕ್ಕೂ ಮುಂಚೆ, 2010ರ ಸುಮಾರಿಗೆ, ಸೇದುವವರು ಖಾಲಿಮಾಡಿ ಹೋದ ಮನೆಗಳನ್ನು ನೋಡಿದ್ದರು. ಮನೆ ಎರಡು ತಿಂಗಳು ಖಾಲಿ ಬಿದ್ದು, ತೊಳೆದು ಸಾರಿಸಿ, ಹೊಸ ಸಂಸಾರ ಬಂದು ಸೇರಿದ ಮೇಲೆಯೂ ಹಿಂದಿನವರ ತಂಬಾಕಿನ ಕಸರು ಧೂಳಿನಲ್ಲಿ, ನೆಲದಲ್ಲಿ, ಹೊಸ ಬಾಡಿಗೆದಾರರ ಬೆರಳಿನಲ್ಲಿ ಸಿಕ್ಕಿತು. ಹೀಗೆ ಉಳಿಯುವುದಕ್ಕೆ 'ಮೂರನೆಯ ಹೊಗೆ' ಎಂಬ ಅರ್ಥದ ಹೆಸರು 2009ರಲ್ಲಿ ಬಾಸ್ಟನ್ನಿನ ವೈದ್ಯರ ಒಂದು ಲೇಖನದಿಂದ ಜನರ ಬಾಯಿಗೆ ಬಂತು. ಸೇದುವವನು ಎಳೆದುಕೊಳ್ಳುವುದು ಮೊದಲನೆಯದು, ಪಕ್ಕದವನ ಮೂಗಿಗೆ ಹೋಗುವುದು ಎರಡನೆಯದು, ಎಲ್ಲರೂ ಹೋದ ಮೇಲೆ ಅಂಟಿಕೊಂಡು ಉಳಿಯುವುದು ಮೂರನೆಯದು.

ಹೊಗೆ ಅಂಟಿಕೊಳ್ಳುವುದು ಹೇಗೆ ಎಂದು ಕೆಲವರಿಗೆ ಸಂಶಯವಿರಬಹುದು. ನಮ್ಮ ಅಡಿಗೆ ಭಟ್ಟರನ್ನು ಕೇಳಿ. ಒಗ್ಗರಣೆಯ ಹೊಗೆ ಮೇಲೆ ಹೋದದ್ದನ್ನು ಎಲ್ಲರೂ ನೋಡುತ್ತಾರೆ. ಹೋಗಿ ಏನಾಯಿತು? ಹತ್ತು ವರುಷ ಕಳೆದ ಅಡಿಗೆಮನೆಯ ಗೋಡೆಗೆ ಉಗುರು ಹಾಕಿದರೆ ಕರಿಯ ಜಿಡ್ಡು ಬರುತ್ತದೆ. ದೀಪಾವಳಿಗೆ ಸುಣ್ಣ ಬಳಿದರೂ ಒಂದು ತಿಂಗಳಲ್ಲಿ ಒಳಗಿನಿಂದ ಮೇಲೆದ್ದು ಹಳದಿ ಕಲೆಯಾಗುತ್ತದೆ. ತಂಬಾಕಿನ ಹೊಗೆಯೂ ಹಾಗೆಯೇ ತಣ್ಣಗಾಗಿ ಕೂಡುತ್ತದೆ. ಗಾದಿಯ ಹತ್ತಿ, ಪರದೆ, ಕಂಬಳಿ, ಮರ, ಗೋಡೆಯ ಬಣ್ಣ, ಇವುಗಳಲ್ಲೆಲ್ಲ ಇಳಿದು, ಕೊಠಡಿ ಬಿಸಿಯಾದಾಗ ಸ್ವಲ್ಪ ಸ್ವಲ್ಪವೇ ಮತ್ತೆ ಗಾಳಿಗೆ ಏಳುತ್ತದೆ. ಊದುಬತ್ತಿ ಹಚ್ಚಿದರೆ ವಾಸನೆ ಮುಚ್ಚುತ್ತದೆ, ಅಷ್ಟೇ.

ಸುಮ್ಮನೆ ಕುಳಿತಿದ್ದರೂ ಸಹಿಸಬಹುದಿತ್ತು. ಅದು ಕೂತಲ್ಲಿಯೇ ಬದಲಾಗುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯದ್ದೇ ಆದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯವರು 2010ರಲ್ಲಿ ತೋರಿಸಿದರು. ಗಾಳಿಯಲ್ಲಿ ನೈಟ್ರಸ್ ಆಮ್ಲ ಎಂಬುದೊಂದು ಇರುತ್ತದೆ. ಮೋಟಾರು ಗಾಡಿಯ ಹೊಗೆಯಿಂದಲೂ, ಹೊಗೆಕೊಳವೆ ಇಲ್ಲದ ಗ್ಯಾಸ್ ಒಲೆಯಿಂದಲೂ ಬರುವಂಥದು. ಗೋಡೆಗೆ ಅಂಟಿದ ನಿಕೋಟಿನ್ ಈ ಆಮ್ಲದೊಡನೆ ಸೇರಿದರೆ ನೈಟ್ರೊಸಮೀನುಗಳೆಂಬ ಹೊಸ ಪದಾರ್ಥಗಳು ಹುಟ್ಟುತ್ತವೆ. ಅವುಗಳಲ್ಲಿ ಎನ್‌ಎನ್‌ಕೆ ಎಂಬುದನ್ನು ಮನುಷ್ಯನಿಗೆ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ವರ್ಗದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸೇರಿಸಿದೆ. ಬಹಳ ಸೇದುವವನೊಬ್ಬನ ಲಾರಿಯ ಒಳಗೋಡೆಯಲ್ಲಿ ಈ ಪದಾರ್ಥಗಳು ನಿಜಕ್ಕೂ ಸಿಕ್ಕವು. ಗ್ಯಾಸ್ ಒಲೆ, ಕೆಳಗೆ ರಸ್ತೆಯ ಹೊಗೆ, ಮೇಲೆ ಗಾಳಿಯಾಡದ ಮಾಳಿಗೆ. ಇವು ಮೂರೂ ಒಟ್ಟಿಗೆ ಎಲ್ಲಿ ಸಿಗುತ್ತವೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹೋಟೆಲಿನ ಆ ಪರೀಕ್ಷೆ ವಿಷ ಮೈಯೊಳಗೆ ಹೋದುದನ್ನು ಅಳೆಯಿತು, ರೋಗವನ್ನು ಅಳೆಯಲಿಲ್ಲ. ಇಂಥ ಕೊಠಡಿ ಗುಡಿಸಿದವನಿಗೆ ಇಂಥ ವರುಷಕ್ಕೆ ಇಂಥ ರೋಗ ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ, ನಮ್ಮ ಸಂಘದವರೇ ಹೇಳಿದರೂ ನಂಬಬೇಡಿ. ಸುಳ್ಳು ಸೇರಿಸಿದ ಬೇಡಿಕೆ ಧಣಿಗಳ ಮೇಜಿನ ಮೇಲೆ ಐದು ನಿಮಿಷ ನಿಲ್ಲುವುದಿಲ್ಲ.

ಆದರೆ ರೋಗದ ಪಟ್ಟಿ ಸಿದ್ಧವಾಗುವವರೆಗೆ ಕಾಯಬೇಕೆ? ಗಿರಣಿಯ ಹಿರಿಯರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಹತ್ತಿ ಬಿಡಿಸುವ ಖಾತೆಯಲ್ಲಿ ದುಡಿದವರಿಗೆ ವಾರದ ರಜೆ ಕಳೆದು ಕೆಲಸಕ್ಕೆ ಬಂದ ದಿವಸ ಎದೆ ಬಿಗಿಯುತ್ತಿತ್ತು, ಉಸಿರು ಕಟ್ಟುತ್ತಿತ್ತು. ಬೀಡಿ ಸೇದುತ್ತೀಯ, ಕೆಮ್ಮುತ್ತೀಯ ಎಂದು ಹೇಳಿ ಕಳಿಸುತ್ತಿದ್ದರೆಂದು ಅವರೇ ನಮಗೆ ಹೇಳಿದ್ದಾರೆ. ಅದು ಹತ್ತಿಯ ಧೂಳಿನ ರೋಗ, ಬಿಸಿನೋಸಿಸ್ ಎಂದು ಅದರ ಹೆಸರು. ಈಗ ಕಾಯಿದೆಯ ಅನುಸೂಚಿಯಲ್ಲಿ ಕಸುಬಿನ ರೋಗವೆಂದು ಬರೆದಿದೆ, ಪರಿಹಾರಕ್ಕೆ ಹಕ್ಕೂ ಇದೆ. ಆದರೆ 1982ರ ಮುಷ್ಕರದ ನಂತರ ಒಂದೊಂದೇ ಗಿರಣಿ ಬಾಗಿಲು ಹಾಕಿ ಚಿಮಣಿ ಉರುಳಿ ಅಲ್ಲಿ ಗಾಜಿನ ಕಟ್ಟಡ ಎದ್ದ ಮೇಲೆ, ಯಾವ ಬಾಗಿಲಿಗೆ ಹೋಗಿ ಕೇಳುವುದು? ಬೀಡಿಯ ಹೆಸರು ಹೇಳಿ ಕೆಲಸದ ಧೂಳನ್ನು ಮುಚ್ಚಿದ್ದರಿಂದ ಎಷ್ಟು ಜನ ಪರಿಹಾರ ಕಾಣದೆ ಊರಿಗೆ ಮರಳಿದರು ಎಂಬುದನ್ನು ಇದೇ ಸಭೆಯ ಹಿರಿಯರು ನೆನೆಯಬಲ್ಲರು. ನಮ್ಮ ಬೆರಳು ಮೂಸಿದ ಮ್ಯಾನೇಜರರೂ ಅದೇ ಕೆಲಸ ಮಾಡಿದರು; ಕೊಠಡಿಯ ದೋಷವನ್ನು ಹುಡುಗನ ಚಾಳಿ ಎಂದು ಬರೆದರು.

ಕಾನೂನು ಇಲ್ಲವೆಂದಲ್ಲ. ಮುಂಬಯಿಯವರೇ ಆದ ಮುರಳಿ ದೇವರಾ ಅವರ ಅರ್ಜಿಯ ಮೇಲೆ 2001ರ ನವೆಂಬರ್ 2ರಂದು ಸುಪ್ರೀಂ ಕೋರ್ಟು ಆಸ್ಪತ್ರೆ, ಶಾಲೆ, ಕಚೇರಿ, ರೈಲು ಮುಂತಾದ ಕಡೆ ಸೇದುವುದನ್ನು ನಿಲ್ಲಿಸಿತು. ಆ ಪಟ್ಟಿಯಲ್ಲಿ ಹೋಟೆಲು ಇರಲಿಲ್ಲ. ಆಮೇಲೆ 2003ರ ಕಾಯಿದೆ ಬಂತು. 2008ರ ಅಕ್ಟೋಬರ್ 2ರಿಂದ ಹೊಸ ನಿಯಮ ಜಾರಿಯಾಯಿತು. ಅದರ ಪ್ರಕಾರ 30 ಅಥವಾ ಹೆಚ್ಚು ಕೊಠಡಿಯ ಹೋಟೆಲಿಗೆ ಮಾತ್ರ ಸೇದುವ ಕೊಠಡಿ ಇಡಲು ಪರವಾನಗಿ. ಅವೂ ಒಂದು ಕಡೆ ಒಟ್ಟಾಗಿ, ಬೇರೆಯಾಗಿ ಇರಬೇಕು, ಹೊಗೆ ಹೊರಗೆ ಹೋಗಬೇಕು, ಬೇರೆ ಕಡೆಗೆ ನುಗ್ಗಬಾರದು. ಅದಕ್ಕಿಂತ ಸಣ್ಣ ಲಾಡ್ಜಿನಲ್ಲಿ ಸೇದುವ ಕೊಠಡಿಯೇ ಇರುವಂತಿಲ್ಲ. ಸೇದಬಾರದ ಕಡೆ ಬೂದಿಬಟ್ಟಲು, ಬೆಂಕಿಪೊಟ್ಟಣ ಇಡುವುದೂ ತಪ್ಪು. ನೋಡಿಕೊಳ್ಳಬೇಕಾದವರು ಮಾಲಿಕರು, ಮ್ಯಾನೇಜರರು. ಸಣ್ಣ ಲಾಡ್ಜಿನವರು ಏನು ಮಾಡುತ್ತಾರೆ? ಬಾಗಿಲಿಗೆ ಬೋರ್ಡು, ಒಳಗೆ ಗಿರಾಕಿ ಕೇಳಿದರೆ ಬೂದಿಬಟ್ಟಲಿನ ಬದಲು ಚಹಾದ ಬಸಿ. ಆ ಬಸಿಯನ್ನು ತೊಳೆಯುವವರು ನಾವು. ಕಾನೂನು ಗಿರಾಕಿಯ ಮೂಗನ್ನು ಕಾಯುತ್ತದೆ. ಒರೆಸುವ ಕೈಯ ಮಾತು ಅದರಲ್ಲಿ ಎಲ್ಲಿಯೂ ಬಂದಿಲ್ಲ.

ಇನ್ನು ನಮ್ಮ ಮನೆಯ ಮಾತು. ಧಣಿಯನ್ನು ಬೈದು ಮುಗಿಸಿದರೆ ಚಪ್ಪಾಳೆ ಬೀಳುತ್ತದೆ. ಆದರೆ ಅರ್ಧ ಸತ್ಯವಾಗುತ್ತದೆ. ಹೋಟೆಲು ಮುಚ್ಚಿದ ಮೇಲೆ ರಾತ್ರಿ ಒಂದು ಗಂಟೆಗೆ ಮಾಳಿಗೆಯ ಮೇಲೆ ಹದಿನಾಲ್ಕು ಜನ ಮಲಗುತ್ತೇವೆ. ಎದ್ದು ನಿಂತರೆ ತಲೆ ತಾಕುವ ಎತ್ತರ. ಒಂದು ಕಿಟಕಿ, ಅದಕ್ಕೂ ಸೊಳ್ಳೆಯೆಂದು ಗೋಣಿ ಬಡಿದಿರುತ್ತದೆ. ಮಲಗುವ ಮುಂಚೆ ಆರು ಜನ ಬೀಡಿ ಹಚ್ಚುತ್ತಾರೆ. ಆರರಲ್ಲಿ ಒಬ್ಬರು ನಾವೇ ಆಗಿದ್ದೆವು. ನಮ್ಮ ಕಾಲ ಬುಡದಲ್ಲಿ ಮಲಗುತ್ತಿದ್ದ, ಆಗ ತಾನೆ ಊರಿನಿಂದ ಬಂದ ಟೇಬಲ್ ಒರೆಸುವ ಹುಡುಗ ದಿಂಬನ್ನು ಮೂಗಿಗೆ ಒತ್ತಿಕೊಂಡು ಮಲಗುತ್ತಿದ್ದ. ದಿಂಬೂ ಅದೇ ವಾಸನೆಯದು. ಮ್ಯಾನೇಜರರು ನಮಗೆ ಮಾಡಿದ್ದನ್ನು ಅವನಿಗೆ ನಾವು ಮಾಡಿದೆವು. ಸಂಬಳ ಮಾತ್ರ ಹಿಡಿಯಲಿಲ್ಲ. ಅವನು ಈಗ ಈ ಸಭೆಯಲ್ಲಿಯೇ ಇದ್ದಾನೆ. ಹೆಸರು ಹೇಳಬೇಡಿ ಎಂದಿದ್ದಾನೆ.

ಇನ್ನೊಂದು ಮಾತು ಬಾಯಿಗೆ ಬರುವುದಿಲ್ಲ, ಬಿಸಿತುಪ್ಪದ ಹಾಗೆ. ಕರಾವಳಿಯ ನಮ್ಮಲ್ಲಿ ಎಷ್ಟು ಜನರ ತಾಯಂದಿರು ಬೀಡಿ ಕಟ್ಟಿ ನಮ್ಮನ್ನು ಸಾಕಿದ್ದಾರೆ, ಲೆಕ್ಕ ಹಾಕಿ. ನಮ್ಮ ತಾಯಿ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕುಳಿತರೆ ಸಂಜೆ ಬ್ರಾಂಚಿಗೆ ಕೊಂಡೊಯ್ಯುವವರೆಗೆ ಬೆನ್ನು ನೆಟ್ಟಗೆ ಮಾಡುತ್ತಿರಲಿಲ್ಲ. ಎಲೆ ಕಡಿಮೆ ಬಂತು, ಬೀಡಿ ಸಡಿಲವಾಯಿತು ಎಂದು ಬ್ರಾಂಚಿನವರು ಕಟ್ಟು ತೆಗೆದು ಹಾಕಿದ ದಿನ ಮನೆಯಲ್ಲಿ ಮಾತಿಲ್ಲ. ನಮ್ಮ ಶಾಲೆಯ ಪುಸ್ತಕ, ಮುಂಬಯಿಯ ಬಸ್ಸಿನ ಟಿಕೀಟು, ಎಲ್ಲ ಆ ಬೀಡಿಯಿಂದ. ಬೀಡಿಯನ್ನು ಹಳಿಯುವ ನಾಲಗೆ ನಮಗೆ ಸುಲಭವಾಗಿ ಏಳುವುದಿಲ್ಲ.

ಆದರೆ ಒಂದು ಸಂಗತಿ ಕೇಳಿ. ಇದೇ ಮುಂಬಯಿಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು ಬೀಡಿ ಕಟ್ಟುವವರ ಮೂತ್ರ ಪರೀಕ್ಷಿಸಿ 1991ರಲ್ಲಿ ವರದಿ ಮಾಡಿದರು. ಕಟ್ಟುವ ಕೆಲಸದಿಂದಲೇ ತಂಬಾಕಿನ ಅಂಶ ಮೈಗೆ ಸೇರುತ್ತದೆ ಎಂದು ತಿಳಿದುಬಂತು. ನಮ್ಮ ತಾಯಿ ಜೀವಮಾನದಲ್ಲಿ ಒಂದು ದಮ್ಮು ಎಳೆದವರಲ್ಲ. ಹೊಗೆಸೊಪ್ಪಿನ ಗಿಡದಿಂದ ಹಸಿ ಎಲೆ ಕೀಳುವವರಿಗೂ ಒದ್ದೆ ಎಲೆಯ ನಿಕೋಟಿನ್ ಚರ್ಮದಿಂದಲೇ ಒಳಹೋಗಿ ತಲೆಸುತ್ತು, ವಾಂತಿ ಬರುತ್ತದೆ. ಆ ಕಾಯಿಲೆಗೆ ವೈದ್ಯರಲ್ಲಿ ಬೇರೆಯ ಹೆಸರೇ ಉಂಟು. ಹುಣಸೂರು, ಪಿರಿಯಾಪಟ್ಟಣ, ನಿಪ್ಪಾಣಿ ಕಡೆಯಿಂದ ಬಂದ ಬಂಧುಗಳಿಗೆ ಇದು ಹೊಸದಲ್ಲ. ಬೆಳೆಯುವಲ್ಲಿ, ಕಟ್ಟುವಲ್ಲಿ, ಸೇದಿದ ಮೇಲೆ ಗುಡಿಸುವಲ್ಲಿ, ಮೂರು ಕಡೆಯೂ ತಂಬಾಕು ತಗಲುವುದು ನಮ್ಮಂಥವರ ಕೈಗೇ.

ಮೂರು ವರುಷದ ಹಿಂದೆ ರಜೆಗೆ ಊರಿಗೆ ಹೋಗಿದ್ದೆವು. ರಾತ್ರಿಯ ಬಸ್ಸು ಇಳಿದು, ಮಾಳಿಗೆಯ ಮೇಲೆ ತೂಗುಬಿಟ್ಟಿದ್ದ ಅದೇ ಅಂಗಿಯಲ್ಲಿ ಮಗಳನ್ನು ಎತ್ತಿಕೊಂಡೆವು. ಎಂಟು ತಿಂಗಳ ಮಗು. ಅಂಗಿಯ ಕಾಲರನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿತು. ಕೆಳಗೆ ಬಿಟ್ಟರೆ ಅಜ್ಜಿಯ ಗೆರಸೆಯ ಕಡೆಗೆ ಅಂಬೆಗಾಲು. ನೆಲಕ್ಕೆ ಹತ್ತಿರವಿರುವುದು, ಸಿಕ್ಕಿದ್ದನ್ನು ಬಾಯಿಗೆ ಹಾಕುವುದು, ಇದರಿಂದಲೇ ಈ ಕಸರು ಎಳೆಯ ಮಕ್ಕಳಿಗೆ ಹೆಚ್ಚು ತಗಲುತ್ತದೆ ಎಂದು ಸಂಶೋಧಕರು ಬರೆದಿದ್ದಾರೆ. ಅದನ್ನು ನಾವು ಓದಿಸಿ ಕೇಳಿದ್ದು ಆಮೇಲೆ. ಅಂದು ನಮ್ಮ ತಾಯಿ ಮೂಗಿನಿಂದಲೇ ತಿಳಿದುಕೊಂಡು, "ಮಗಾ, ಮೊದಲು ಮಿಂದು ಬಾ, ಆಮೇಲೆ ಮಗುವನ್ನು ಮುಟ್ಟು" ಎಂದರು. ಅವರು ಕೂಡ ಎದ್ದು ಸಾಬೂನಿನಿಂದ ಕೈ ತೊಳೆದು, ಗೆರಸೆಯನ್ನು ಅಟ್ಟದ ಮೇಲಿಟ್ಟು, ಜಗಲಿ ಒರೆಸಿದರು. ನಾವು ಸೇದುವುದನ್ನು ಬಿಟ್ಟದ್ದು ಆ ಪ್ರಯಾಣದಲ್ಲಿ. ವಿಜ್ಞಾನಿಗಳ ಮಾತಿನಿಂದ ಅಲ್ಲ.

ಗುಡಿಸಿದ ತುಂಡುಗಳ ಗತಿ ಏನು ಎಂಬುದನ್ನೂ ಸ್ವಲ್ಪ ಹೇಳಿಬಿಡುತ್ತೇವೆ. ಸಿಗರೇಟಿನ ಬುಡದ ಬಿಳಿಯ ಭಾಗ ಹತ್ತಿಯಲ್ಲ, ಕಾಗದವಲ್ಲ; ಸೆಲ್ಯುಲೋಸ್ ಅಸಿಟೇಟ್ ಎಂಬ ಒಂದು ಬಗೆಯ ಪ್ಲಾಸ್ಟಿಕ್ಕು. ವರುಷಕ್ಕೆ ಇಂಥ ಸುಮಾರು 4.5 ಲಕ್ಷ ಕೋಟಿ ತುಂಡುಗಳು ಜಗತ್ತಿನಲ್ಲಿ ಎಸೆಯಲ್ಪಡುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ; ತಂಬಾಕಿಗಾಗಿ ವರುಷಕ್ಕೆ 60 ಕೋಟಿ ಮರ ಬೀಳುತ್ತವೆಂದೂ ಹೇಳಿದೆ. ಅದೇ ಸ್ಯಾನ್ ಡಿಯಾಗೊದಲ್ಲಿ ಥಾಮಸ್ ನೊವೊಟ್ನಿ ಎಂಬ ವೈದ್ಯರೂ ಅವರ ಜೊತೆಯವರೂ ಸೇದಿ ಬಿಟ್ಟ ತುಂಡುಗಳನ್ನು ನೀರಿನಲ್ಲಿ ನೆನೆಹಾಕಿ ಆ ನೀರಿಗೆ ಮೀನು ಬಿಟ್ಟು ನೋಡಿದರು. ಒಂದು ಲೀಟರು ನೀರಿಗೆ ಸುಮಾರು ಒಂದೇ ತುಂಡಿನ ಪ್ರಮಾಣ ಸಾಕು, ನಾಲ್ಕು ದಿವಸದಲ್ಲಿ ಅರ್ಧ ಮೀನು ಸತ್ತವು. ಸಮುದ್ರದ ಮೀನೂ ಅಷ್ಟೆ, ಸಿಹಿನೀರಿನ ಮೀನೂ ಅಷ್ಟೆ. ಇದು 2011ರ ವರದಿ. ಮೀನಿನ ಮಾತು ಬಂದ ಕೂಡಲೆ ಮೊಗವೀರ ಬಂಧುಗಳು ನೆಟ್ಟಗೆ ಕುಳಿತರು. ಲೋಟದಿಂದ ಮೋರಿಗೆ ನಾವು ಚೆಲ್ಲಿದ್ದು ನಾಲೆಗೆ ಹೋಗುತ್ತದೆ, ನಾಲೆ ಎಲ್ಲಿಗೆ ಹೋಗುತ್ತದೆಂದು ಮಳೆಗಾಲದಲ್ಲಿ ಮಾಹೀಮಿನ ಕಡೆ ಹೋದವರಿಗೆ ಗೊತ್ತು. ಒಣ ಕಸದ ಡಬ್ಬಿಗೆ ಹಾಕಲು ಹೆಚ್ಚು ಶ್ರಮವಿಲ್ಲ. ಇದು ನಮ್ಮ ಕೈಯಲ್ಲಿಯೇ ಇರುವುದರಿಂದ ಯಾರ ಅಪ್ಪಣೆಯೂ ಬೇಡ.

ಉಳಿದದ್ದಕ್ಕೆ ಅಪ್ಪಣೆ ಬೇಕು. ಅದಕ್ಕಾಗಿಯೇ ಈ ಭಾಷಣ. ನಾವು ಬೀಡಿ ಕಲಿತ ಕಾರಣ ಇನ್ನೂ ಹೇಳಲಿಲ್ಲ. ಆ ಲಾಡ್ಜಿನಲ್ಲಿ ಬೆಳಿಗ್ಗೆ ಆರರಿಂದ ರಾತ್ರಿಯವರೆಗೆ ಕುಳಿತುಕೊಳ್ಳುವಂತಿರಲಿಲ್ಲ. ಕುಳಿತರೆ ಕಳ್ಳಕೆಲಸ. ಆದರೆ ಬೀಡಿ ಸೇದುವವನು "ಒಂದು ದಮ್ಮು ಎಳೆದು ಬರುತ್ತೇನೆ" ಎಂದರೆ ಮೇಸ್ತ್ರಿ ಬಿಡುತ್ತಿದ್ದ. ಹಿತ್ತಿಲ ಮೆಟ್ಟಿಲ ಮೇಲೆ ಹತ್ತು ನಿಮಿಷ, ಆಕಾಶ ಕಾಣುತ್ತಿತ್ತು. ಸೇದದವನಿಗೆ ಆ ಹತ್ತು ನಿಮಿಷ ಇರಲಿಲ್ಲ. ಆರು ತಿಂಗಳು ನೋಡಿದೆವು, ಏಳನೆಯ ತಿಂಗಳು ನಾವೂ ಒಂದು ಕಟ್ಟು ಕೊಂಡೆವು. ನಿಮ್ಮಲ್ಲಿ ಎಷ್ಟು ಜನ ಹೀಗೆಯೇ ಕಲಿತಿರಿ, ಕೈ ಎತ್ತಿ. ನೋಡಿ ಅಧ್ಯಕ್ಷರೆ, ನೋಡಿ.

ಆದುದರಿಂದ ಬರುವ ತಿಂಗಳು ಮಾಲಿಕರ ಮುಂದಿಡುವ ಪತ್ರದಲ್ಲಿ ಸಂಬಳ, ವಾರದ ರಜೆಗಳ ಜೊತೆಗೆ ಇವನ್ನೂ ಬರೆದಿದ್ದೇವೆ. ಸೇದಲಿ, ಸೇದದಿರಲಿ, ಹೊತ್ತಿಗೊಮ್ಮೆ ಎಲ್ಲರಿಗೂ ಹತ್ತು ನಿಮಿಷ ಬಿಡುವು. ಸೇದಿದ ಕೊಠಡಿಗೆ ಹೋಗುವ ಮುಂಚೆ ಅದರ ಕಿಟಕಿ ಬಾಗಿಲು ತೆರೆದು ಗಾಳಿಯಾಡಿಸಲು ಸಮಯ ಕೊಡಬೇಕು. ಗಿರಾಕಿ ಕೆಳಗೆ ಕಾಯಲಿ, ಅವನಿಗೂ ಒಳ್ಳೆಯದೇ. ರೂಮು ಹುಡುಗರಿಗೆ ಕೈಗವಸು, ಕೆಲಸ ಮುಗಿಸಿ ಹೋಗುವಾಗ ಬದಲಿಸಲು ಬೇರೆ ಬಟ್ಟೆ, ಕೈ ತೊಳೆಯಲು ಸಾಬೂನು. ಗಾದಿ ಪರದೆಗಳನ್ನು ವರುಷಕ್ಕೊಮ್ಮೆಯಲ್ಲ, ಬೇಕಾದಾಗಲೆಲ್ಲ ಒಗೆಯಲು ಹಾಕಬೇಕು. ವಾಸನೆ ಬಂದ ಕೈಗೆ ದಂಡ ಹಾಕಕೂಡದು. ಮಲಗುವ ಮಾಳಿಗೆಗೆ ಎರಡನೆಯ ಕಿಟಕಿ. ಇದಕ್ಕೆ ಪ್ರತಿಯಾಗಿ ಮಾಳಿಗೆಯ ಮೇಲೆ ಬೀಡಿ ಹಚ್ಚುವುದಿಲ್ಲ ಎಂದು ನಾವೂ ಅದೇ ಪತ್ರದಲ್ಲಿ ಬರೆದುಕೊಡಬೇಕೆಂದು ನಮ್ಮ ಅಭಿಪ್ರಾಯ. ಸಂಘದ ಸಮಿತಿಯಲ್ಲಿ ಇದಕ್ಕೆ ವಿರೋಧವಿತ್ತು. ಧಣಿಗೆ ನಾವೇ ಏಕೆ ಮಾತು ಕೊಡಬೇಕೆಂದು ಇಬ್ಬರು ಕೇಳಿದರು. ಮಾತು ಧಣಿಗಲ್ಲ, ಕಾಲ ಬುಡದಲ್ಲಿ ಮಲಗುವ ಹುಡುಗನಿಗೆ ಎಂದೆವು. ಮತಕ್ಕೆ ಹಾಕಿದಾಗ ಮೂರು ಮತಗಳಿಂದ ಉಳಿಯಿತು. ನಿಮ್ಮ ಒಪ್ಪಿಗೆ ಇಲ್ಲದೆ ಮುಂದೆ ಹೋಗುವುದಿಲ್ಲ.

ಪತ್ರ ಬಾಗಿಲ ಬಳಿಯ ಮೇಜಿನ ಮೇಲಿದೆ. ಓದಿ, ಓದಿಸಿ ಕೇಳಿ, ಒಪ್ಪಿಗೆಯಾದರೆ ಸಹಿ ಹಾಕಿ. ಚಹಾ ಬಂದಿದೆ ಎಂದು ಕೈಸನ್ನೆಯಾಗುತ್ತಿದೆ. ಹತ್ತು ನಿಮಿಷ ಬಿಡುವು, ಎಲ್ಲರಿಗೂ. ಸೇದುವವರು ದಯಮಾಡಿ ಮೆಟ್ಟಿಲು ಇಳಿದು ಅಂಗಳಕ್ಕೆ ಹೋಗಬೇಕು. ತುಂಡು ಹಾಕಲು ಅಲ್ಲಿ ಒಂದು ಡಬ್ಬಿ ಇಟ್ಟಿದ್ದೇವೆ.